ನೇರಳೆ ಚೂಡಿದಾರ್

ಆರ್.ಟಿ. ನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದವರು ಒಮ್ಮೆ ಹಾಕಿದ ಚೂಡಿದಾರನ್ನು ಮತ್ತೆ ಹಾಕಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಕೇಳಿದರೆ, "ಯಾಕೋ ಇಷ್ಟ ಆಗ್ಲಿಲ್ಲ ಕಣ್ರೀ, ವಾಪಸ್ ಕೊಟ್ಬಿಟ್ಟೆ" ಎನ್ನುತ್ತಿದ್ದರು.

ಒಮ್ಮೆ ಅವರ ಜೊತೆ ಹೆಬ್ಬಾಳದ ಮಾಲ್‌ಗೆ ಹೋದಾಗ ನನಗೆ ಗುಟ್ಟು ತಿಳಿಯಿತು. ಹಿಂದಿನ ದಿನ ನಾಮಕರಣಕ್ಕೆ ಹಾಕಿದ್ದನ್ನು ಟ್ಯಾಗ್ ಸಮೇತ ಹಿಂತಿರುಗಿಸಿ, ಅದೇ ದುಡ್ಡಿಗೆ ಇನ್ನೊಂದು ಆರಿಸಿದರು. ಒಂದೇ ಚೂಡಿದಾರಿನ ದುಡ್ಡು ವರ್ಷವೆಲ್ಲ ಹೀಗೆ ಸುತ್ತುತ್ತಿತ್ತು. ಕನ್ನಡಿಯ ಮುಂದೆ ಗಿರ್ರನೆ ತಿರುಗಿ, ಚೂಡಿದಾರಿನ ಘೇರು ಅರಳುವುದನ್ನು ಹುಡುಗಿಯಂತೆ ನೋಡುತ್ತ ನಿಂತರು.

ನನ್ನ ಮಗಳ ಹುಟ್ಟುಹಬ್ಬಕ್ಕೆ ನೇರಳೆ ಬಣ್ಣದ್ದು ಹಾಕಿಕೊಂಡು ಬಂದರು. ಬಂದ ಹೆಂಗಸರೆಲ್ಲ ಅದನ್ನೇ ಹೊಗಳಿದರು. ನನ್ನ ರೇಷ್ಮೆ ಸೀರೆ ಯಾರ ಕಣ್ಣಿಗೂ ಬೀಳಲಿಲ್ಲ. ಕೇಕ್ ಹಂಚಲು ಬಾಗಿದಾಗ ಅವರ ಕುತ್ತಿಗೆಯ ಹಿಂದಿನಿಂದ ಟ್ಯಾಗ್ ಜಾರಿ ಹೊರಬಂತು. ಕೇಕ್ ಡಬ್ಬಿಯ ರಿಬ್ಬನ್ ಕತ್ತರಿಸಿದ ಕತ್ತರಿ ನನ್ನ ಕೈಯಲ್ಲೇ ಇತ್ತು.

"ಟ್ಯಾಗ್ ತೆಗೆಯೋದೇ ಮರ್ತಿದ್ದೀರಲ್ರೀ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕತ್ತರಿಸಿಬಿಟ್ಟೆ.

ಅವರ ಕೈ ಕುತ್ತಿಗೆಯ ಹಿಂದಕ್ಕೆ ಹೋಗಿ ಅಲ್ಲೇ ನಿಂತಿತು. "ಹೌದಲ್ವಾ, ಮರ್ತೇಬಿಟ್ಟಿದ್ದೆ" ಎಂದು ನಕ್ಕರು.

ಆಮೇಲೆ ಎರಡು ವರ್ಷ, ಬೀದಿಯಲ್ಲಿ ಯಾರ ಮನೆಯ ಸಮಾರಂಭವಾದರೂ ಅವರು ಅದೇ ನೇರಳೆ ಚೂಡಿದಾರಿನಲ್ಲಿ ಬರುತ್ತಿದ್ದರು. ಒಗೆದೂ ಒಗೆದೂ ಅದು ಬೂದಿ ಬಣ್ಣಕ್ಕೆ ತಿರುಗಿತ್ತು. ಮನೆ ಖಾಲಿ ಮಾಡಿಕೊಂಡು ಹೊರಟ ದಿನವೂ ಅದನ್ನೇ ಹಾಕಿದ್ದರು. ಆಟೋ ಹತ್ತುವ ಮೊದಲು ಗೇಟಿನಲ್ಲಿ ನಿಂತಿದ್ದ ನನ್ನ ಹತ್ತಿರ ಬಂದು, ದುಪಟ್ಟಾ ಸರಿಮಾಡಿಕೊಂಡು ಹೇಳಿದರು:

"ಇದೊಂದು ಮಾತ್ರ ತುಂಬಾ ಇಷ್ಟ ಆಯ್ತು ಕಣ್ರೀ."