ಗುರುಬಸವ್ವ ಆರಿಸಿದ ಗಣಿತ

ಬನಹಟ್ಟಿಯ ಗುರುಬಸವ್ವ ಓದಿದ್ದು ಎರಡನೆಯ ಇಯತ್ತೆ. ಗಂಡ ತೀರಿದ ಮೇಲೆ ಇಪ್ಪತ್ತೆರಡು ವರ್ಷ ನೇಕಾರರ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟು ಮಗನನ್ನು ದೊಡ್ಡವನನ್ನಾಗಿ ಮಾಡಿದಳು. ಆಕೆ ಸುತ್ತಿದ ನೂಲು ಲಾಳಿಯಲ್ಲಿ ಸಿಕ್ಕಿಕೊಂಡಿತೆಂದು ಯಾರೂ ದೂರಿದ್ದಿಲ್ಲ. ಯಾವ ಮಾತನ್ನೂ ಎರಡು ಸಲ ಕೇಳಿ ತಿಳಿದುಕೊಳ್ಳದೆ ಹೂಂ ಅನ್ನುವವಳಲ್ಲ. ಕೇಳದೆಯೇ ಹೂಂ ಅಂದದ್ದು ಒಮ್ಮೆ ಮಾತ್ರ, ಮೊಮ್ಮಗಳು ರಾಜೇಶ್ವರಿಯ ಕಾಲೇಜಿನ ವಿಷಯದಲ್ಲಿ.

ಮಗ ಸೊಸೆಗೆ ಬಿಡುವಿರಲಿಲ್ಲವೆಂದು ಪಿಯುಸಿ ಅಡ್ಮಿಶನ್ನಿಗೆ ಹುಡುಗಿಯ ಜೊತೆ ಹೋದವಳು ಗುರುಬಸವ್ವನೇ. ಕಾಮರ್ಸ್ ಎಂದು ಮೊದಲೇ ಗೊತ್ತಾಗಿತ್ತು. ನಾಲ್ಕನೆಯ ವಿಷಯ ಇತಿಹಾಸವೋ ಬೇಸಿಕ್ ಗಣಿತವೋ ಎಂದು ಗುಮಾಸ್ತ ಕೇಳಿದ. ಹುಡುಗಿ ಅಜ್ಜಿಯ ಮುಖ ನೋಡಿದಳು. ಇತಿಹಾಸವೆಂದರೆ ರಾಜರ ಹೆಸರು, ಇಸವಿ, ಎಲ್ಲ ಬಾಯಿಪಾಠ. ಬೇಸಿಕ್ ಎಂಬ ಮಾತು ಮಾತ್ರ ಗುರುಬಸವ್ವನಿಗೆ ಚೆನ್ನಾಗಿ ಗೊತ್ತಿತ್ತು. ಗುಂಡಿ ಒತ್ತುವ ಆಕೆಯ ಫೋನನ್ನು ಅಂಗಡಿಯವನು ಬೇಸಿಕ್ ಸೆಟ್ ಅಂದೇ ಕೊಟ್ಟಿದ್ದ.

"ಬೇಸಿಕ್ ಬರೀರಿ. ಹುಡುಗಿಗೆ ಹಗುರ ಆಕ್ಕೈತಿ."

ಗುಮಾಸ್ತ ತಲೆಯೆತ್ತಿ ಒಮ್ಮೆ ನೋಡಿ ಬರೆದುಕೊಂಡ.

ಎರಡು ತಿಂಗಳಿಗೆ ಮೊದಲ ಟೆಸ್ಟ್ ಬಂತು. ಗಣಿತದಲ್ಲಿ ಐವತ್ತಕ್ಕೆ ಹದಿಮೂರು. ಗೆಳತಿ ರಸಿಕಾಳಿಗೆ ಇತಿಹಾಸದಲ್ಲಿ ನಲವತ್ತಾರು.

"ನಿನ್ನ ಮಾತ ಕೇಳಿ ಕೆಟ್ಟೆ ಆಯಿ," ಎಂದಳು ರಾಜೇಶ್ವರಿ. "ಬೇಸಿಕ್ ಅನ್ನೂದು ಹೆಸರಷ್ಟ. ಇಡೀ ಕಾಮರ್ಸ್‌ನ್ಯಾಗ ಅದರಷ್ಟು ಕಠಿಣ ಯಾವುದೂ ಇಲ್ಲ."

"ಹೌದೇನ? ಹಂಗಾರ ತಪ್ಪು ನಂದು. ನಾಳೆ ಬದಲ ಮಾಡಿಸಿಕೊಂಡು ಬರತೀನಿ."

ಮರುದಿನ ಗುರುಬಸವ್ವ ಕಾಲೇಜಿಗೆ ಹೋದಾಗ ವಿಷಯ ಬದಲಿಸಲು ಇನ್ನು ಮೂರು ದಿನ ಉಳಿದಿತ್ತು. ರಾಜೇಶ್ವರಿ ಬರೆದುಕೊಟ್ಟ ಅರ್ಜಿಯನ್ನು ಗಣಿತದ ಅನಂತ ಸರ್ ಓದಿ ಮೇಜಿನ ಮೇಲಿಟ್ಟರು.

"ಮುಂದ ಏನ ಓದಾಕಿ ಈಕಿ?"

"ಅರ್ಥಶಾಸ್ತ್ರ ಅಂತಾಳ್ರಿ. ಅದೂ ದೇಶದಾಗ ಹೆಸರಾದ ದೊಡ್ಡ ಯುನಿವರ್ಸಿಟಿಯೊಳಗ."

"ಅಂಥಲ್ಲೆ ಸೇರಬೇಕಂದ್ರ ಪಿಯುಸಿಯೊಳಗ ಗಣಿತ ಇರಬೇಕ್ರಿ ಅವ್ವಾರ. ಇಲ್ಲಂದ್ರ ಅರ್ಜಿನ ತಗೊಳ್ಳೂದಿಲ್ಲ."

ಗುರುಬಸವ್ವ ಈ ಸಲ ಅವಸರ ಮಾಡಲಿಲ್ಲ.

"ಗಣಿತ ಬಿಟ್ಟು ನೂರಕ್ಕ ತೊಂಬತ್ತೇಳ ತಂದ್ರೂ?"

"ತಗೊಳ್ಳೂದಿಲ್ಲ."

"ಇಟ್ಟುಕೊಂಡು ಎಂಬತ್ತೈದ ತಂದ್ರ?"

"ತಗೋತಾರ. ಆಮ್ಯಾಲೆ ಪ್ರವೇಶ ಪರೀಕ್ಷಾ ಐತಿ, ಅದರಾಗೂ ಗಣಿತ ಬರತೈತಿ. ಸೀಟ ಸಿಕ್ಕ ಸಿಗತೈತಿ ಅಂತ ನಾ ಹೇಳೂದಿಲ್ಲ."

"ಗಣಿತದಾಗ ಫೇಲಾದ್ರ?"

"ಎಲ್ಲಾ ಹೋದಂಗ."

"ಸಣ್ಣ ನೂಲಿನ ಸೀರಿ ನೇಯ್ದಂಗ ಆತ್ರಿ ಇದು," ಎಂದಳು ಗುರುಬಸವ್ವ. "ದಿನಕ್ಕ ದಪ್ಪ ನೂಲಿನ ಸೀರಿಯ ಅರ್ಧದಷ್ಟೂ ನೇಯಾಕ ಆಗೂದಿಲ್ಲ. ಎಳಿ ಹರದು ಹರದು ಜೀವಾ ತಿಂತೈತಿ. ಖರೆ, ಕೊಳ್ಳಾಂವ ಮೊದಲ ನೂಲು ಮುಟ್ಟಿ ನೋಡತಾನ."

"ನಾಳಿಂದ ನೀವ ಪಾಠಾ ಮಾಡ್ರಿ, ನಾ ಬೆಂಚಿನ ಮ್ಯಾಲ ಕೂಡತೀನಿ," ಎಂದು ಅನಂತ ಸರ್ ನಕ್ಕರು.

ಗುರುಬಸವ್ವ ಅರ್ಜಿಯನ್ನು ತಿರುಗಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದು, ಕೇಳಿದ್ದನ್ನೆಲ್ಲ, ಫೇಲಾಗುವ ಮಾತನ್ನೂ ಬಿಡದೆ, ಮೊಮ್ಮಗಳಿಗೆ ಹೇಳಿದಳು. "ಮೊದಲ ನಾ ಆರಿಸಿದೆ. ಈಗ ನೀ ಆರಿಸು. ಅರ್ಜಿ ಚೀಲದಾಗ ಐತಿ. ಕೊಡು ಅಂದ್ರ ಕೊಟ್ಟ ಬರತೀನಿ."

ರಾಜೇಶ್ವರಿ ಎರಡು ದಿನ ಅರ್ಜಿಯನ್ನು ಚೀಲದಿಂದ ತೆಗೆಯುವಳು, ತಿರುಗಿ ಇಡುವಳು. ಮೂರನೆಯ ದಿನ, ಅನಂತ ಸರ್ ಮನೆಯಲ್ಲಿ ಟ್ಯೂಶನ್ ಎಷ್ಟೊತ್ತಿಗೆ ಎಂದು ತಾನೇ ಕೇಳಿಕೊಂಡು ಬಂದಳು. ಅರ್ಜಿ ಚೀಲದಲ್ಲೇ ಉಳಿಯಿತು.

ಗುರುಬಸವ್ವನಿಗೆ ಆ ಲೆಕ್ಕಗಳಲ್ಲಿ ಒಂದೂ ತಿಳಿಯುತ್ತಿರಲಿಲ್ಲ. ಆದರೂ ಪಕ್ಕದಲ್ಲಿ ಕೂತು, "ಈ ಸಾಲಿನಿಂದ ಆ ಸಾಲಿಗೆ ಹೆಂಗ ಬಂದಿ, ನನಗ ಹೇಳು," ಎನ್ನುವಳು. ಹೇಳಲು ಹೋದಾಗ ಹುಡುಗಿಗೆ ತನ್ನ ತಪ್ಪು ತಾನೇ ಸಿಗುತ್ತಿತ್ತು. ಎಷ್ಟೋ ಸಲ ಸಿಗುತ್ತಲೂ ಇರಲಿಲ್ಲ. ಆಗ ಪುಸ್ತಕ ಎಸೆದು ಎದ್ದು ಹೋಗುವಳು. ಗುರುಬಸವ್ವ ಅದನ್ನು ಎತ್ತಿ, ಮುದುಡಿಹೋದ ಹಾಳೆಯನ್ನು ಉಜ್ಜಿ ನೆಟ್ಟಗೆ ಮಾಡಿ, ಅದೇ ಪುಟ ತೆರೆದಿಟ್ಟು ಕಾಯುವಳು.

ಎರಡನೆಯ ವರ್ಷದ ಫಲಿತಾಂಶ ಬಂದಾಗ ರಾಜೇಶ್ವರಿಗೆ ನೂರಕ್ಕೆ ಎಂಬತ್ತೆಂಟು, ರಸಿಕಾಳಿಗೆ ತೊಂಬತ್ತೇಳು. ರಸಿಕಾಳ ತಾಯಿ ಸುಹಾಸಿನಿ ಪೇಢೆ ಹಂಚುತ್ತ ಬಂದು, "ಗಣಿತ ತಗೊಂಡು ಹುಡುಗಿ ಹಿಂದ ಬಿತ್ತಲ್ರಿ," ಎಂದರು.

ಗುರುಬಸವ್ವ ಪೇಢೆ ಬಾಯಿಗೆ ಹಾಕಿಕೊಂಡು, "ಛಲೋ ಅದಾವ್ರಿ," ಎಂದಳು.

ಪ್ರವೇಶ ಪರೀಕ್ಷೆಯೂ ಮುಗಿಯಿತು. ಯುನಿವರ್ಸಿಟಿಯ ಮೊದಲ ಪಟ್ಟಿಯಲ್ಲಿ ರಾಜೇಶ್ವರಿಯ ಹೆಸರಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಹುಡುಗಿ ಊಟ ಬಿಟ್ಟಳು. ಅಜ್ಜಿ ಸಮಾಧಾನ ಹೇಳಲಿಲ್ಲ, ಇನ್ನೆಷ್ಟು ಪಟ್ಟಿ ಬಾಕಿ ಎಂದಷ್ಟೇ ಕೇಳಿದಳು. ಒಂದು ಬಾಕಿ ಇತ್ತು.

ಅದು ಬಂದ ಮಧ್ಯಾಹ್ನ ರಾಜೇಶ್ವರಿ ಅಜ್ಜಿಯ ಮುಂದೆ ಬಂದು ಕುಳಿತಳು.

"ಬಂತು ಆಯಿ. ಕಡೇದಿಂದ ನಾಲ್ಕನೇದು."

"ಮೂರನೇ ಪಟ್ಟಿಯವರನ್ನ ಬ್ಯಾರೆ ಕೂಡಸತಾರೇನ?"

"ಇಲ್ಲ ಬೇ. ಎಲ್ಲಾರೂ ಒಂದ ಕ್ಲಾಸ."

"ಯಾವಾಗ ಹೋಗಬೇಕು?"

"ಬರೂ ಸೋಮವಾರದೊಳಗ ಹಾಜರಾಗಬೇಕು."

"ಹಂಗಾರ ರೈಲಿನ ತಿಕೀಟ ತಗಸು. ನನಗೂ ಒಂದು. ನಿನ್ನ ಎಂಥಾ ಊರಾಗ ಬಿಟ್ಟ ಬರಾಕತ್ತೇನಿ ಅನ್ನೂದು ನಾ ಕಣ್ಣಿಲೆ ನೋಡಬೇಕು."