ಪಕ್ಕದ ಸೀಟಿನ ಪಾಠ

ಅಕ್ಕನನ್ನು ನಾನು ಮೊದಲು ನೋಡಿದ್ದು ಕಾರಿನ ಅಡಿಯಲ್ಲಿ. ಡ್ರೈವಿಂಗ್ ಸ್ಕೂಲಿನ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಅರ್ಧ ಕುಡಿದ ಟೀ, ಗೋಡೆಯಲ್ಲಿ ಸಂಚಾರ ಚಿಹ್ನೆಗಳ ಮಾಸಿದ ಪಟ, ಕುರ್ಚಿಯ ಬೆನ್ನಿಗೆ ಒಂದು ಒದ್ದೆ ಟವೆಲು. ಏನು ಮಾಡಬೇಕೆಂದು ತೋಚದೆ ಹೊರಗೆ ಬಂದೆ. ಅಂಗಳದಲ್ಲಿ ನಿಂತಿದ್ದ ಬಿಳಿ ಕಾರಿನ ಕೆಳಗಿನಿಂದ ಎರಡು ಕಾಲು ಚಾಚಿಕೊಂಡಿದ್ದವು. ಒಂದರಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

"ಯಾರದು? ಕಲಿಯೋಕೆ ಬಂದಿದ್ದೀರಾ, ಬಿಲ್ ವಸೂಲಿಗೆ ಬಂದಿದ್ದೀರಾ?" ಎಂದು ಕಾರಿನ ಅಡಿಯಿಂದ ದನಿ ಬಂತು.

"ಕಲಿಯೋಕೆ."

"ಹಾಗಾದ್ರೆ ಹೊರಗೆ ಬರ್ತೀನಿ."

ಬೆನ್ನ ಮೇಲೆ ಜಾರುತ್ತ ಹೊರಬಂದವರು ಐವತ್ತರ ಆಸುಪಾಸಿನ ಹೆಂಗಸು. ಕೆನ್ನೆಗೆ ಗ್ರೀಸ್ ಮೆತ್ತಿತ್ತು. ಎದ್ದು ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ, ಹಳ್ಳಿಹಳ್ಳಿಗೆ ಜೀಪಿನಲ್ಲಿ ಹೋಗಬೇಕು, ಅದಕ್ಕೆ ಲೈಸೆನ್ಸ್ ಬೇಕು ಎಂದು ನಾನು ಉರು ಹೊಡೆದು ಬಂದದ್ದನ್ನೆಲ್ಲ ಒಪ್ಪಿಸಿದೆ.

"ಮೊದ್ಲು ಏನಾದ್ರೂ ಓಡಿಸಿದ್ದೀಯಾ?"

"ಊರಲ್ಲಿ ಟ್ರ್ಯಾಕ್ಟರ್ ಓಡಿಸಿದ್ದೀನಿ ಮೇಡಂ."

"ಅಯ್ಯೋ ಹುಡುಗಿ, ಹಾಗಾದ್ರೆ ಕಲಿಸೋದಕ್ಕಿಂತ ಮರೆಸೋದೇ ದೊಡ್ಡ ಕೆಲಸ. ಮತ್ತೆ, ಮೇಡಂ ಅಂತ ನನ್ನ ಯಾರೂ ಕರೆಯಲ್ಲ. ಅಕ್ಕ ಅನ್ನು."

ಕಲಿಸುವವರು ಕೂರುವ ಎಡಗಡೆಯ ಸೀಟಿನ ಮುಂದೆಯೂ ಆ ಕಾರಿನಲ್ಲಿ ಇನ್ನೊಂದು ಬ್ರೇಕ್ ಇತ್ತು. ಅಕ್ಕ ಅದನ್ನು ಒತ್ತಿದಾಗಲೆಲ್ಲ ಬಾಯಿಬಿಟ್ಟು ಹೇಳುತ್ತಿದ್ದರು. "ಹೇಳದೆ ಒತ್ತಿದ್ರೆ ಗಾಡಿ ನಿಲ್ಸಿದ್ದು ನೀನೇ ಅಂದ್ಕೊಂಡುಬಿಡ್ತೀಯ," ಎನ್ನುತ್ತಿದ್ದರು. ಬೈದದ್ದು ಮಾತ್ರ ಇಲ್ಲ. ಎಷ್ಟು ಎಡವಟ್ಟು ಮಾಡಿದರೂ "ಪರವಾಗಿಲ್ಲ, ಇನ್ನೊಂದ್ಸಲ" ಎಂಬುದೊಂದೇ ಮಾತು.

ಲೈಸೆನ್ಸ್ ಸಿಕ್ಕಿದ ಮೇಲೆ ಅವರ ಮನೆಯ ಮಹಡಿಯ ಕೋಣೆಗೇ ಬಾಡಿಗೆಗೆ ಬಂದೆ. ಮನೆ ಸ್ಕೂಲಿನ ಹಿಂದೆಯೇ ಇತ್ತು. ಅಲ್ಲಿ ಭಾವ ಇದ್ದರು. ಅಕ್ಕನ ಗಂಡನನ್ನು ಭಾವ ಎನ್ನದೆ ಇನ್ನೇನೆನ್ನಲಿ? ಭಾವ ಇಡೀ ಆಯುಷ್ಯ ಸಮುದ್ರದ ದಂಡೆಯ ರಸ್ತೆಯಲ್ಲಿ ಲಾರಿ ಓಡಿಸಿದವರು. ನೀರಿನೊಳಕ್ಕೆ ಚಾಚಿದ ಗುಡ್ಡ, ಅದರ ನೆತ್ತಿಯ ತಿರುವಿನಲ್ಲಿ ಎರಡೂ ಕಡೆ ಕಾಣುವ ಸಮುದ್ರ, ಹೊಳೆ ಕಡಲು ಸೇರುವಲ್ಲಿನ ಸೇತುವೆ, ಅಲ್ಲಿ ತುಟಿಗೆ ಅಂಟುವ ಉಪ್ಪುಗಾಳಿ. ಅದನ್ನೆಲ್ಲ ಅವರು ಹೇಳುತ್ತಿದ್ದರೆ ನಾವು ಕೂತಲ್ಲೇ ಆ ಕಡೆ ಈ ಕಡೆ ವಾಲುತ್ತಿದ್ದೆವು.

"ಮದುವೆ ಆದಾಗಿಂದ ಕೇಳ್ತಿದ್ದೀನಿ," ಎಂದರು ಅಕ್ಕ ಒಮ್ಮೆ. "ಒಂದು ಸಲನಾದ್ರೂ ಕರ್ಕೊಂಡು ಹೋದ್ರಾ?"

"ಲಾರೀಲಿ ಹೆಂಡ್ತೀನ ಕೂರಿಸ್ಕೊಳ್ಳೋದು ಕಂಪನಿಗೆ ಒಪ್ಪಿಗೆ ಇರ್ಲಿಲ್ಲ ಕಣೇ."

"ಕಂಪನಿಗೋ, ನಿಮಗೋ?"

ಭಾವ ಟೀ ಲೋಟಕ್ಕೆ ಮುಖ ಹುದುಗಿಸಿದರು.

ಹಿಂದಿನ ವರ್ಷ ಅವರ ಎಡಭಾಗಕ್ಕೆ ಪಾರ್ಶ್ವವಾಯು ಹೊಡೆದಿತ್ತು. ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಿದ್ದರು, ಅಲ್ಲಿಂದ ಹಿಂದಿರುಗುತ್ತಿದ್ದರು. ಗಾಡಿ ಹತ್ತಲು ಮಾತ್ರ ಒಪ್ಪುತ್ತಿರಲಿಲ್ಲ. ಆಸ್ಪತ್ರೆಗೆ ಹೋಗುವುದನ್ನೂ ಬಿಟ್ಟು, ಡಾಕ್ಟರನ್ನೇ ಮನೆಗೆ ಕರೆಸುತ್ತಿದ್ದರು. "ಸ್ಟೇರಿಂಗ್ ನನ್ನ ಕೈಲಿ ಇಲ್ದೆ ನಾನು ಗಾಡೀಲಿ ಕೂತವನಲ್ಲ," ಎಂಬುದು ಅವರ ಹಟ.

ಒಂದು ಸಂಜೆ ಬಟ್ಟೆ ಮಡಚುತ್ತ ಅಕ್ಕ ನನಗೆ ಹೇಳಿದರು. "ಇವತ್ತು ಗೇಟು. ನಾಳೆ ಹೊಸಿಲು. ಆಮೇಲೆ ಮಂಚ. ಅಷ್ಟಕ್ಕೇ ಬಂದುಬಿಡ್ತಾರೆ ಕಣೇ ಇವರು. ಹೇಗಾದ್ರೂ ಮಾಡಿ ಆ ರಸ್ತೆಗೆ ಕರ್ಕೊಂಡು ಹೋಗ್ಲೇಬೇಕು."

ಹೀಗೆ ಸಮುದ್ರದ ಪ್ರವಾಸದ ತಯಾರಿ ಊಟದ ಮೇಜಿನ ಮೇಲೆ ಶುರುವಾಯಿತು. ಗಾಳಿಗೆ ಹಾರದಂತೆ ಮೂಲೆಗಳಿಗೆ ಲೋಟ ಇಟ್ಟು ಭೂಪಟ ಹರಡಿದೆವು. ನೆಲದ ಮಟ್ಟದ ಕೋಣೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು, ಇವೆರಡೂ ಇರುವ ವಸತಿಗಳನ್ನು ಫೋನ್ ಮಾಡಿ ಹುಡುಕುವುದು ನನ್ನ ಪಾಲಿಗೆ ಬಂತು. ದಾರಿ ಗುರುತಿಸುವುದು ಅಕ್ಕನ ಕೆಲಸ. ಕೆಂಪು ಪೆನ್ಸಿಲ್ ಹಿಡಿದು ದಿನಗಟ್ಟಲೆ ತಲೆ ಕೆಡಿಸಿಕೊಂಡರು. ಕಡಿದಾದ ಏರು ಬೇಡ, ಕಿರಿದಾದ ಸೇತುವೆ ಬೇಡ, ಎದುರಿನ ಗಾಡಿ ಕಾಣದ ತಿರುವು ಬೇಡವೇ ಬೇಡ. ಮಧ್ಯೆ ಕಟ್ಟೆ ಇರುವ ಅಗಲವಾದ ರಸ್ತೆಗಳನ್ನೇ ಹೆಕ್ಕಿ ಹೆಕ್ಕಿ ಗೆರೆ ಎಳೆದರು.

ಭಾವ ಪೇಪರ್ ಹಿಡಿದು ಮೂಲೆಯಲ್ಲಿ ಕೂತಿದ್ದರು. ಬಹಳ ಹೊತ್ತಿನಿಂದ ಪುಟ ಮಗುಚಿರಲಿಲ್ಲ. ಕೊನೆಗೆ ತಡೆಯಲಾರದೆ ಎದ್ದು ಬಂದು ಭೂಪಟದ ಮೇಲೆ ಬಗ್ಗಿದರು.

"ಇದ್ರಲ್ಲಿ ಸಮುದ್ರ ಎಲ್ಲಿದೆ?"

ನಾವಿಬ್ಬರೂ ನೋಡಿದೆವು. ಹೌದು, ಇರಲಿಲ್ಲ. ಕೆಂಪು ಗೆರೆ ದಂಡೆಯ ಹತ್ತಿರ ಬಂದಾಗಲೆಲ್ಲ ಬಿಸಿ ತಾಗಿದಂತೆ ಒಳನಾಡಿಗೆ ಓಡಿಹೋಗಿತ್ತು. ಹೊಸದಾಗಿ ಕಲಿಯುವವರನ್ನು ಕರೆದೊಯ್ಯಲು ಹೇಳಿ ಮಾಡಿಸಿದಂಥ ದಾರಿ ಅದು.

"ಇಷ್ಟು ದಿನ ಸುತ್ತಿದ್ರೂ ಒಂದು ಹನಿ ಉಪ್ಪುನೀರು ಕಣ್ಣಿಗೆ ಬೀಳಲ್ಲ! ಭಲೇ ಮೇಷ್ಟ್ರೇ!" ಭಾವ ಕೆಮ್ಮು ಬರುವವರೆಗೆ ನಕ್ಕರು. ಆ ಮನೆಗೆ ಬಂದಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಪೆನ್ಸಿಲ್ ಕಿತ್ತುಕೊಂಡು ದಂಡೆಗುಂಟ ಹೊಸ ಗೆರೆ ಎಳೆದರು. ಎಳೆದು ಮುಗಿಸಿ, ಪೆನ್ಸಿಲ್ ಕೆಳಗಿಟ್ಟು, "ನೀವಿಬ್ರೂ ಹೋಗ್ಬನ್ನಿ," ಎಂದು ತಮ್ಮ ಮೂಲೆಗೆ ಹೋದರು.

ಅಕ್ಕ ಬಿಡುವವರಲ್ಲ. ಪೇಟೆಯನ್ನು ಒಂದು ಸುತ್ತು ಹಾಕಿ ಬರೋಣ, ಅಷ್ಟೇ, ಎಂದು ಗೋಗರೆದು ಮಾರನೆಯ ದಿನ ಅವರನ್ನು ಸ್ಕೂಲಿನ ಕಾರಿಗೆ ಹತ್ತಿಸಿದರು. ಅಕ್ಕ ಸ್ಟೇರಿಂಗ್ ಹಿಡಿದರು, ನಾನು ಹಿಂದೆ ಕೂತೆ, ಭಾವ ಎಡಗಡೆಯ ಸೀಟಿನಲ್ಲಿ. ಅವರ ಬಲಗಾಲಿನ ಕೆಳಗೆ ಆ ಇನ್ನೊಂದು ಬ್ರೇಕ್ ಇದೆ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಹಾಲಿನ ವ್ಯಾನು ಎದುರಾದಾಗ ಒತ್ತಿದರು. ನಾಯಿ ಕಂಡಾಗ ಒತ್ತಿದರು. ವೃತ್ತದ ನಟ್ಟನಡುವೆ ಒತ್ತಿದಾಗ ಹಿಂದಿನ ಟೆಂಪೋ ಕೂದಲೆಳೆಯಲ್ಲಿ ತಪ್ಪಿತು. ಅದರವನು ಕತ್ತು ಹೊರಹಾಕಿ, "ಓಡಿಸೋಕೆ ಬರದಿದ್ರೆ ಡ್ರೈವಿಂಗ್ ಸ್ಕೂಲಿಗೆ ಹೋಗ್ರೀ!" ಎಂದು ಕೂಗಿದ. ನಮ್ಮ ಕಾರಿನ ಮೇಲೆ ಸ್ಕೂಲಿನ ಬೋರ್ಡು ದೊಡ್ಡದಾಗಿಯೇ ಇತ್ತು.

ಅಕ್ಕ ಕಾರನ್ನು ಪಕ್ಕಕ್ಕೆ ಹಾಕಿದರು. ಅವರಿಗೆ ಸಿಟ್ಟು ಬಂದದ್ದನ್ನು ಅಂದೇ ಮೊದಲು ಕಂಡೆ. "ಏನ್ರೀ, ಊರಿಗೆಲ್ಲ ಕಲಿಸೋಳು ನಾನು. ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ವಾ?"

ಭಾವ ಮಡಿಲಲ್ಲಿದ್ದ ಎಡಗೈಯನ್ನು ನೋಡುತ್ತ ಕೂತಿದ್ದರು. "ನಿನ್ನ ಮೇಲಲ್ಲ ಕಣೇ. ಭಯ ಆಗುತ್ತೆ."

"ಯಾರಿಗೆ?"

"ನನಗೆ. ಎಡಗಡೆಯಿಂದ ಬರೋದು ಬೇಗ ತಿಳಿಯಲ್ಲ. ಎಲ್ಲಾ ಗಾಡೀನೂ ಮೈಮೇಲೇ ಬಂದ ಹಾಗಾಗುತ್ತೆ. ಹೇಳ್ಕೊಳ್ಳೋಕೆ ನಾಚಿಕೆ."

ಅಕ್ಕ ಇಂಜಿನ್ ಆಫ್ ಮಾಡಿದರು. ಆಮೇಲೆ ಮಾತಾಡಿದಾಗ ಅದು ಹೆಂಡತಿಯ ದನಿಯಾಗಿರಲಿಲ್ಲ, ನಾನು ಚೆನ್ನಾಗಿ ಬಲ್ಲ ಪಾಠದ ದನಿ. "ನಾಳೆ ಬೆಳಗ್ಗೆ ಮೈದಾನಕ್ಕೆ ಬನ್ನಿ. ಹೊಸಬರಿಗೆಲ್ಲ ಅಲ್ಲೇ."

"ಫೀಸೆಷ್ಟು?"

"ಮೊದ್ಲು ಪಾಸಾಗಿ."

ಅಂದಿನಿಂದ ಅಕ್ಕ ಗಂಡನಿಗೆ ಪಕ್ಕದಲ್ಲಿ ಕೂರುವುದನ್ನು ಕಲಿಸತೊಡಗಿದರು. ಮೊದಲ ದಿನ ಕಾರು ಸ್ಟಾರ್ಟ್ ಮಾಡಲೇ ಇಲ್ಲ, ಬಾಗಿಲು ತೆರೆದಿಟ್ಟು ಇಬ್ಬರೂ ಸುಮ್ಮನೆ ಕೂತು ಎದ್ದುಬಂದರು. ಆಮೇಲೆ ಖಾಲಿ ಮೈದಾನದಲ್ಲಿ ಸುತ್ತುಗಳು. ಅಕ್ಕ ತಾವು ಮಾಡುವುದನ್ನೆಲ್ಲ ಮುಂಚೆಯೇ ಹೇಳುತ್ತಿದ್ದರು. ಈಗ ಎಡಕ್ಕೆ ತಿರುಗ್ತೀನಿ, ಆ ಮರದ ಹತ್ರ ನಿಲ್ಲಿಸ್ತೀನಿ. ಭಾವನಿಗೂ ಒಂದು ಕಟ್ಟಳೆ: ಬ್ರೇಕ್ ಒತ್ತುವ ಮೊದಲು ಬಾಯಲ್ಲಿ ಹೇಳಬೇಕು. "ನಾಯಿ", "ಸೈಕಲ್", "ಆ ಆಟೋದವನು ಕೈ ತೋರಿಸದೆ ತಿರುಗ್ತಾನೆ ನೋಡು" ಎಂದು ಹೇಳುತ್ತ ಹೇಳುತ್ತ ಅವರ ಕಾಲು ನೆಲದ ಮೇಲೆ ನಿಲ್ಲಲು ಕಲಿಯಿತು. ಒಮ್ಮೆ ಮೇಲ್ಸೇತುವೆಯ ನಡುವೆ ಮೈಯೆಲ್ಲ ಬೆವೆತು ಕಣ್ಣು ಮುಚ್ಚಿಕೊಂಡರು. ಅಕ್ಕ ತಕರಾರಿಲ್ಲದೆ ಮನೆಗೆ ತಿರುಗಿಸಿದರು. "ಪರವಾಗಿಲ್ಲ, ಇನ್ನೊಂದ್ಸಲ."

ಇತ್ತ ಊಟದ ಮೇಜಿನ ಮೇಲೆ ದಾರಿಯೂ ಬದಲಾಗುತ್ತಿತ್ತು. ಭಾವ ತಾಳಿಕೊಳ್ಳುವಷ್ಟು ದೂರಕ್ಕೆ ಒಂದೊಂದು ದಿನವನ್ನು ಕತ್ತರಿಸಿದೆವು. ಗುಡ್ಡದ ತಿರುವನ್ನು ಬೆಳಗಿನ ಹೊತ್ತು ದಾಟಬೇಕು, ಸಂಜೆಯಾದರೆ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ ಎಂದು ಭಾವ ಹಟ ಹಿಡಿದರು. ಮಧ್ಯಾಹ್ನ ಮಲಗದಿದ್ದರೆ ನಿಮಗಾಗುವುದಿಲ್ಲ ಎಂದು ಅಕ್ಕ. ಜಗಳಾಡುತ್ತಲೇ ಇಬ್ಬರೂ ಒಂದು ಗೆರೆಗೆ ಬಂದರು. ನನ್ನನ್ನೂ ಕರೆದರು. ಬಿತ್ತನೆಯ ಕಾಲ, ಕಚೇರಿಯಲ್ಲಿ ಕೆಲಸ ತಲೆಮೇಲಿತ್ತು. ಅವರಿಬ್ಬರೇ ಹೊರಟ ದಿನ ನಾನು ಗೇಟು ಹಾಕಿ ಕೈಬೀಸಿದೆ.

ಕೆಲವು ದಿನಗಳ ಮೇಲೆ, ನಾನು ಬೀಜ ಎಣಿಸುತ್ತ ಕೂತಿದ್ದಾಗ ಅಕ್ಕನ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಮಾತು ಅರ್ಧ ಹಾರಿಹೋಗುತ್ತಿತ್ತು.

"ಗುಡ್ಡದ ತಿರುವು ದಾಟಿ ನಿಲ್ಲಿಸಿದ್ದೀನಿ ಕಣೇ. ಎರಡೂ ಕಡೆ ನೀರು! ಇವರು ಹೇಳಿದ್ದು ಸುಳ್ಳಲ್ಲ."

"ಭಾವ ಹೇಗಿದ್ದಾರೆ ಅಕ್ಕ? ಹೆದರ್ಕೊಂಡ್ರಾ?"

"ಹೆದರೋಕೆ ಎಚ್ಚರ ಇರಬೇಕಲ್ಲ! ಏರು ಶುರುವಾಗೋ ಮುಂಚೆಯೇ ನಿದ್ದೆ ಹೊಡೆದ್ರು. ಕಾಲು ಚಾಚಿ, ಬಾಯಿ ತೆರ್ಕೊಂಡು ಗೊರಕೆ! ಇಷ್ಟು ದೊಡ್ಡ ಸಮುದ್ರಾನ ಪಕ್ಕದಲ್ಲಿಟ್ಕೊಂಡು!"

"ಎಬ್ಬಿಸಲ್ವಾ?"

"ಬೇಡ ಬಿಡು," ಎಂದರು ಅಕ್ಕ ದನಿ ತಗ್ಗಿಸಿ. "ನಾನು ಓಡಿಸ್ತಿದ್ರೆ ನಿದ್ದೆ ಬಂತಲ್ಲ ಅವರಿಗೆ."

ಈಗ ಅಕ್ಕ ವಾರವಿಡೀ ಕಾರು ಕಲಿಸುತ್ತಾರೆ. ಶನಿವಾರ ಬೆಳಗ್ಗೆ ಮಾತ್ರ, ಅಪಘಾತವನ್ನೋ ಕಾಯಿಲೆಯನ್ನೋ ದಾಟಿ ಬಂದು ಗಾಡಿಯಲ್ಲಿ ಕೂರಲು ಹೆದರುವವರನ್ನು ಮೈದಾನದಲ್ಲಿ ನಿಧಾನವಾಗಿ ಸುತ್ತಿಸುತ್ತಾರೆ. ಭಾವ ಹಿಂದಿನ ಸೀಟಿನಲ್ಲಿ ಕೂತು ಅವರೊಂದಿಗೆ ಮಾತಾಡುತ್ತಿರುತ್ತಾರೆ.