ಮುಂಬಾಗಿಲ ಮೇಲೆ ಇಳಿದ ನೀರು

ತ್ಯಾವಣಿಗೆಯ ನಮ್ಮ ಮನೆಯ ಮುಂಬಾಗಿಲು ಪಶ್ಚಿಮಕ್ಕಿದೆ. ನನ್ನ ಹೊಲಿಗೆ ಯಂತ್ರವನ್ನು ಬೆಳಕಿಗೆಂದು ಬಾಗಿಲಿನ ಒಳಮಗ್ಗುಲಲ್ಲೇ ಇಟ್ಟುಕೊಂಡಿದ್ದೇನೆ. ಹೋದ ಮುಂಗಾರಿನಲ್ಲಿ ಒಂದು ಮಧ್ಯಾಹ್ನ ಗಾಳಿಯ ಜೊತೆ ಜೋರು ಮಳೆ ಬಂತು. ಊಟ ಮುಗಿಸಿ ಬಂದು ನೋಡಿದರೆ ಚೌಕಟ್ಟಿನ ಮೇಲಿನ ಗೋಡೆಯಿಂದ ಕೆಂಪು ನೀರು ಇಳಿದು ಯಂತ್ರದ ಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಹಲಗೆಯ ಮೇಲೆ ಕತ್ತಲಗೆರೆಯ ಮದುವೆ ಹುಡುಗಿಯೊಬ್ಬಳ ಧಾರೆ ರವಿಕೆಯ ತೋಳುಗಳಿದ್ದವು. ಕೆನೆಬಣ್ಣದ ರೇಷ್ಮೆ. ಎಷ್ಟು ತೊಳೆದರೂ ಕಲೆ ಹೋಗಲಿಲ್ಲ.

ಹುಡುಗಿಯನ್ನು ಕರೆಸಿ ಆದದ್ದನ್ನು ಹೇಳಿದೆ. ಅವಳ ಕಣ್ಣುಗಳು ತುಂಬಿಕೊಂಡವು. ಸೀರೆಯನ್ನು ತರಿಸಿ, ಉಟ್ಟಾಗ ಒಳಗೆ ಹೋಗುವ ತುದಿಯಿಂದ ಬಟ್ಟೆ ಕತ್ತರಿಸಿ, ಎರಡೂ ತೋಳುಗಳನ್ನು ಹೊಸದಾಗಿ ಕೂರಿಸಿಕೊಟ್ಟೆ. ರವಿಕೆ ಮದುವೆಯ ಹೊತ್ತಿಗೆ ಸಿಕ್ಕಿತು. ಆದರೆ ಹೊರಡುವಾಗ ಅವಳು ಹೊಸ್ತಿಲ ಬಳಿ ನಿಂತು ಆ ಒದ್ದೆ ಗೋಡೆಯನ್ನು ತಲೆಯೆತ್ತಿ ನೋಡಿದ ನೋಟ ನನಗೆ ಚುಚ್ಚಿತು. ಈ ನೀರು ಎಲ್ಲಿಂದ ಬರುತ್ತದೆಂದು ಕಂಡುಹಿಡಿಯದೆ ಬಿಡುವುದಿಲ್ಲ ಎಂದುಕೊಂಡೆ.

ಮೊದಲು ಗಾರೆ ಕೆಲಸದವರನ್ನು ಕರೆಸಿದೆವು. ಅವರು ಕೆಳಗೆ ನಿಂತೇ, "ಮೇಲಿನ ಸ್ಲ್ಯಾಬ್ ಬಿರುಕು ಬಿಟ್ಟೈತೆ, ಇನ್ನೇನಿಲ್ಲ" ಎಂದರು. ಹೊನ್ನಾಳಿಯಿಂದ ವಾಟರ್‌ಪ್ರೂಫ್ ಡಬ್ಬಗಳನ್ನು ತಂದು ತಾರಸಿಗೆಲ್ಲ ಬಳಿಸಿದೆವು. ಮುಂದಿನ ಮಳೆಗೇ ಗೋಡೆ ಮತ್ತೆ ಒದ್ದೆಯಾಯಿತು. ಬಾಗಿಲ ಮೇಲೆ ಮಳೆಗೆ ಮರೆಯಾಗಿ ಚಾಚಿದ ಸಜ್ಜಾಕ್ಕೆ ಸಿಮೆಂಟು ಮೆತ್ತಿಸಿದೆವು. ಆಗಲೂ ನಿಲ್ಲಲಿಲ್ಲ.

ನನ್ನ ಗಂಡ ಶಾಲೆಯೊಂದರ ವ್ಯಾನು ಓಡಿಸುತ್ತಾರೆ. ಬೆಳಿಗ್ಗೆ ಹೋದರೆ ಸಂಜೆಗೇ ಮನೆ. ಅವರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿತ್ತು.

"ಮಳೆಗಾಲ ಇನ್ನೆಷ್ಟು ದಿನ? ಮಿಷನ್ನು ಒಳಗಡೆ ಸರಿಸ್ಕೊ."

"ಒಳಗಡೆ ಕತ್ತಲು. ಸೂಜಿಗೆ ದಾರ ಪೋಣ್ಸಾಕೆ ಆಗಲ್ಲ. ಅಲ್ಲದೆ ಗೋಡೆ ಹಿಂಗೇ ನೆನೀತಾ ಹೋದರೆ ನಾಳೆ ಚೌಕಟ್ಟೂ ಕೊಳೀತೈತೆ."

"ಹಂಗಾದರೆ ನೀನೇ ಹುಡುಕು ನೋಡೋಣ" ಎಂದು ನಕ್ಕು ಹೊರಟರು. ತಮಾಷೆಗೆ ಅಂದದ್ದು. ನಾನು ನಿಜವೆಂದೇ ತೆಗೆದುಕೊಂಡೆ.

ಆಮೇಲೆ ಪ್ರತಿ ಮಳೆಯನ್ನೂ ಕಾದು ನೋಡತೊಡಗಿದೆ. ಎಷ್ಟು ಹೊತ್ತು ಸುರಿದರೂ ನೆಟ್ಟಗೆ ಬೀಳುವ ಮಳೆಗೆ ಗೋಡೆ ಒಣಗಿಯೇ ಇರುತ್ತಿತ್ತು. ಪಶ್ಚಿಮದ ಗಾಳಿಗೆ ಓರೆಯಾಗಿ ಹೊಡೆದರೆ ಮಾತ್ರ, ಸಣ್ಣ ಮಳೆಯಾದರೂ, ನೀರು ಬರುತ್ತಿತ್ತು. ಹಾಗಾದರೆ ಸ್ಲ್ಯಾಬಿನ ತಪ್ಪು ಹೇಗಾದೀತು? ತಾರಸಿಗೆ ಹತ್ತಿ, ನೀರು ಹೋಗುವ ಕಿಂಡಿಗೆ ಬಟ್ಟೆ ತುರುಕಿ, ಟ್ಯಾಂಕಿನ ನೀರು ಬಿಟ್ಟು ತಾರಸಿಯನ್ನೇ ಕೆರೆ ಮಾಡಿದೆ. ಸಂಜೆಯವರೆಗೂ ಒಂದು ಹನಿ ಒಳಗೆ ಇಳಿಯಲಿಲ್ಲ.

ಉಳಿದದ್ದು ಬೀದಿಯ ಕಡೆಯ ಗೋಡೆ. ಆ ಗೋಡೆಯಲ್ಲಿ, ಸಜ್ಜಾದ ಮೇಲುಗಡೆ, ಬುದ್ಧನ ಚಿತ್ರವಿರುವ ದೊಡ್ಡದೊಂದು ಟೈಲ್ ಇತ್ತು. ತೀರಿಕೊಂಡ ನಮ್ಮ ಮಾವನವರು ತಾವು ಬೌದ್ಧರಾದ ವರ್ಷ ಅದನ್ನು ಕೂರಿಸಿದ್ದರು. ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಕಾಣಬೇಕೆಂಬುದು ಅವರ ಆಸೆಯಾಗಿತ್ತಂತೆ. ಅತ್ತೆ ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ, ಅದನ್ನು ನೋಡಿ ಕೈಮುಗಿದ ಮೇಲೆಯೇ ಟೀ ಕುಡಿಯುವುದು. ಆ ಟೈಲಿನ ಮೇಲೆ ನನಗೆ ಅನುಮಾನ ಬಂದಿತ್ತು, ಆದರೆ ಬಾಯಿ ಬಿಡಲು ಧೈರ್ಯವಿರಲಿಲ್ಲ. ಕೈಯಲ್ಲಿ ಪುರಾವೆ ಇಲ್ಲದೆ ಅಂಥ ಮಾತು ಆಡುವುದಾದರೂ ಹೇಗೆ?

ಪುಷ್ಯ ಮಳೆ ಬಿಡುವು ಕೊಟ್ಟು ಗೋಡೆ ಚೆನ್ನಾಗಿ ಒಣಗಿದ ಒಂದು ಬೆಳಿಗ್ಗೆ ಏಣಿ ಹಾಕಿದೆ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ನೆನೆಸಬೇಕೆಂಬುದು ನನ್ನ ಲೆಕ್ಕಾಚಾರ. ಮೇಲೆ ಮೊದಲು ಹಾಕಿದರೆ ನೀರು ಎಲ್ಲಿ ನುಗ್ಗಿತೆಂದು ಗೊತ್ತಾಗುವುದಿಲ್ಲ. ಅತ್ತೆಯ ಕೈಗೆ ಟಾರ್ಚು ಕೊಟ್ಟು ಒಳಗೆ ಕೂರಿಸಿದೆ.

"ಚೌಕಟ್ಟಿನ ಮೇಲೆ ನೋಡ್ತಾ ಇರ್ರಿ. ಒದ್ದೆ ಕಂಡ ತಕ್ಷಣ ಕೂಗ್ರಿ."

"ಕೂಗ್ತೀನಿ. ನೀನು ಬೀಳದಂಗೆ ನಿಂತ್ಕೊ ಮೊದಲು."

ಚೌಕಟ್ಟಿನ ಸಂದಿಗೆ ಪೈಪು ಹಿಡಿದೆ. "ಏನಿಲ್ಲ" ಎಂದರು ಅತ್ತೆ. ಸಜ್ಜಾ ಗೋಡೆಗೆ ಸೇರುವಲ್ಲಿ ಬಹಳ ಹೊತ್ತು ಹಿಡಿದೆ. "ಇಲ್ಲ ಬಿಡು." ಟೈಲಿನ ಎಡಗಡೆಯ ಗೋಡೆ, ಬಲಗಡೆಯ ಗೋಡೆ. ಒಳಗಿನಿಂದ ಅದೇ ಉತ್ತರ, ಆಮೇಲೊಂದು ಆಕಳಿಕೆ. ಬೀದಿಯಲ್ಲಿ ಹಾಲಿಗೆ ಹೊರಟಿದ್ದ ಹೆಂಗಸರು ನಿಂತು, "ಏನ್ರೀ, ಮನೆಗೇ ಸ್ನಾನ ಮಾಡಿಸ್ತಿದ್ದೀರಾ?" ಎಂದು ನಕ್ಕರು. ಕೈ ನೋಯುತ್ತಿತ್ತು, ಸೀರೆ ಮೊಣಕಾಲಿನ ತನಕ ನೆನೆದಿತ್ತು. ಕೊನೆಗೆ ಪೈಪನ್ನು ಟೈಲಿನ ಮೇಲಂಚಿಗೆ ತಂದೆ.

ಸ್ವಲ್ಪ ಹೊತ್ತಿಗೇ ಒಳಗಿನಿಂದ ಕೂಗು ಬಂತು. "ಬಂತು ಬಂತು! ಬಂತು ಕಣೇ ನೀರು!"

ಟಾರ್ಚು ಹಿಡಿದುಕೊಂಡೇ ಅತ್ತೆ ಹೊರಗೆ ಓಡಿ ಬಂದರು. ಮುಖದಲ್ಲಿ ಗೆದ್ದ ಸಂತೋಷ. "ಎಲ್ಲಿ ಹಿಡಿದಿದ್ದೆ?" ಎಂದು ತಲೆಯೆತ್ತಿದವರು ಪೈಪು ಇದ್ದ ಜಾಗ ಕಂಡು ಟಾರ್ಚು ಕೆಳಗಿಳಿಸಿದರು.

"ಅದನ್ನ ತೆಗಿಯಾಕೆ ಬಿಡಲ್ಲ ನಾನು" ಎಂದರು.

"ತೆಗೀತೀನಿ ಅಂತ ನಾನೆಲ್ಲಿ ಅಂದೆ?"

"ಅದರಿಂದಲೇ ಅಂತ ಹೆಂಗೆ ಹೇಳ್ತಿ? ಆಗಲೇ ಹಾಕಿದ ನೀರು ಈಗ ಇಳಿದಿರಬೌದು."

ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಏಣಿ ಇಳಿದೆ. ಅಂದು ಗೋಡೆ ಆರಲು ಬಿಟ್ಟೆ. ಮಾರನೆಯ ದಿನ ಟೈಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಟೇಪು ಬಿಗಿದು, ಈ ಸಲ ನಾನು ಒಳಗೆ ನಿಂತೆ. ಅತ್ತೆ ಅಂಗಳದಲ್ಲಿ ನಿಂತು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಇಡೀ ಗೋಡೆಗೆ ನೀರು ಚಿಮ್ಮಿಸಿದರು. ಒಳಗೆ ಏನೂ ಇಲ್ಲ. ನಾನು ಪ್ಲಾಸ್ಟಿಕ್ ಕಿತ್ತು ಒಳಗೆ ಬಂದ ಮೇಲೆ ಮತ್ತೆ ಚಿಮ್ಮಿಸಿದರು. ಚೌಕಟ್ಟಿನ ಮೇಲೆ ಒದ್ದೆ ಹರಡಿತು. ಕರೆದು ತೋರಿಸಿದೆ. ಅತ್ತೆ ಒದ್ದೆಯ ಮೇಲೆ ಬೆರಳಾಡಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ಮುಂದೆ ಏನು ಮಾಡಬೇಕು ಹೇಳು" ಎಂದರು.

ಅದೇ ಗಾರೆ ಕೆಲಸದವರು ಬಂದರು. ಅತ್ತೆ ಸಜ್ಜಾದ ಮೇಲೆ ತಮ್ಮ ಹಳೆಯ ಕೌದಿಯನ್ನು ಹಾಸಿಸಿದರು, ಟೈಲ್ ಜಾರಿದರೂ ಒಡೆಯದಿರಲೆಂದು. ಉಳಿಯ ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿದ್ದರು. ಕೆಳಗಿನ ಒಂದು ಮೂಲೆ ಚಕ್ಕೆಯೆದ್ದದ್ದು ಬಿಟ್ಟರೆ ಟೈಲ್ ಇಡಿಯಾಗಿಯೇ ಬಂತು.

ಹಿಂದೆ ನೋಡಿದರೆ ಟೊಳ್ಳು. ಟೈಲ್ ಗೋಡೆಯ ಸಮಕ್ಕೆ ಕೂರಲೆಂದು ಆಗ ಇಟ್ಟಿಗೆಯನ್ನು ಗೂಡಿನಂತೆ ಕೊರೆದು, ಹಿಂದೆ ನಾಲ್ಕು ಮೂಲೆಗೆ ಮಾತ್ರ ಸಿಮೆಂಟು ಮೆತ್ತಿ, ಸುತ್ತಲಿನ ಅಂಚಿನ ಸಂದಿ ಮುಚ್ಚಿದ್ದರು. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯಿರಲಿಲ್ಲ. ತೆಳುವಾದ ಇಟ್ಟಿಗೆಯಲ್ಲಿ ಇಂಗಿ ನಮ್ಮ ಬಾಗಿಲ ಮೇಲೆ ಇಳಿಯುತ್ತಿತ್ತು. ಒಳಗೆ ಹೋದದ್ದು ಎಲ್ಲಿಂದ ಎಂಬುದೂ ಕಂಡಿತು. ಮೇಲಂಚಿನ ಸಿಮೆಂಟಿನಲ್ಲಿ ಒಂದು ಮೊಳೆ ತುಕ್ಕು ಹಿಡಿದು ಉಬ್ಬಿ, ಎರಡೂ ಕಡೆಗೆ ಬಿರುಕು ಬಿಡಿಸಿತ್ತು.

"ಅದು ನಾನು ಹೊಡೆಸಿದ ಮೊಳೆ" ಎಂದರು ಅತ್ತೆ. "ಬುದ್ಧ ಪೂರ್ಣಿಮೆಗೆ ಹಾರ ಹಾಕಾಕೆ."

ಅಳುತ್ತಾರೇನೋ ಎಂದುಕೊಂಡೆ. ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. "ಸುಮ್ನೆ ಸ್ಲ್ಯಾಬಿಗೆ ಬೈದೆವಲ್ಲೇ!" ನನಗೂ ನಗು ತಡೆಯಲಾಗಲಿಲ್ಲ.

ಗೂಡನ್ನು ಇಟ್ಟಿಗೆಯಿಂದ ಮುಚ್ಚಿಸಿ ಗಿಲಾವು ಮಾಡಿಸಿದೆವು. ಕೆಲಸದವರು, "ಚಿತ್ರ ಒಳಗಡೆ ಹಾಕ್ಕೊಳ್ರಿ, ಮಳೆ ಬಿಸಿಲಿಂದ ಕಾಟ ಇರಲ್ಲ" ಎಂದರು. ಅತ್ತೆ ಏನಾದರೂ ಹೇಳುವ ಮೊದಲೇ ನಾನು ಬೇಡವೆಂದೆ. ಅದು ಬೀದಿಗೆ ಕಾಣಲೆಂದೇ ಇರುವುದು. ಗೋಡೆಯ ಮೇಲ್ಮೈಗೆ, ಹಿಂದೆ ಟೊಳ್ಳು ಉಳಿಯದಂತೆ ಪೂರ್ತಿ ಅಂಟು ಬಳಿಸಿ ಕೂರಿಸಿದೆವು. ಮೇಲೆ ಮುಂದಕ್ಕೆ ಇಳಿಜಾರಾದ ಕಡಪಾ ಕಲ್ಲಿನ ಪುಟ್ಟ ಮರೆ, ಅದರ ತುದಿಗೆ ಹಾರಕ್ಕೊಂದು ಕೊಕ್ಕೆ. ಅತ್ತೆ ಆ ರಾತ್ರಿಯ ಊಟಕ್ಕೆ ಪಾಯಸ ಮಾಡಿದರು.

ಆಶ್ಲೇಷಾ ಮಳೆ ಪಶ್ಚಿಮದಿಂದಲೇ ಹೊಡೆಯಿತು. ಅಂಗಳ ಕಾಣದಷ್ಟು ಜೋರು. ನನ್ನ ಗಂಡ ವ್ಯಾನು ನಿಲ್ಲಿಸಿ ನೆನೆದುಕೊಂಡೇ ಒಳಗೆ ಬಂದವರು ಮೊದಲು ತಲೆ ಒರೆಸಿಕೊಳ್ಳಲಿಲ್ಲ, ಬಾಗಿಲ ಮೇಲಿನ ಗೋಡೆಗೆ ಅಂಗೈ ಇಟ್ಟು ನೋಡಿದರು. "ಒಣಗೈತೆ ಕಣೇ" ಎಂದರು. ನನ್ನ ಮುಖ ನೋಡಿ ಇನ್ನೊಮ್ಮೆ ಅದನ್ನೇ ಹೇಳಿದರು.

ಮಳೆ ಬಿಟ್ಟ ಮೇಲೆ ಪಕ್ಕದ ಬೀದಿಯ ಹೆಂಗಸೊಬ್ಬರು ಬಂದರು. ತಮ್ಮ ಅಡಿಗೆಮನೆ ಕಿಟಕಿಯ ಮೇಲೂ ನೀರು ಇಳಿಯುತ್ತದೆ, ಯಾರಿಗೂ ಗೊತ್ತಾಗುತ್ತಿಲ್ಲ, ಒಂದು ಸಲ ಬಂದು ನೋಡಬಹುದೇ ಎಂದು ಕೇಳಿದರು. ನಾನು ಉತ್ತರ ಕೊಡುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. "ಗೋಡೆ ಆರಲಿ ತಡಿಯಮ್ಮ. ಬಿಸಿಲು ಬಿದ್ದ ದಿನ ಇಬ್ರೂ ಬರ್ತೀವಿ. ನಿಮ್ಮನೇಲಿ ಪೈಪು ಎಷ್ಟುದ್ದ ಐತೆ?"